ನಿಧಾನದ ಓಟವೂ ಓಟವೇ

ಪ್ರತಿ ವರ್ಷ ಯುಗಾದಿ ಕಳೆದ ಮರುವಾರ, ಇಲ್ಲವೆ ಜನವರಿ ತಿಂಗಳ ಮೊದಲ ವಾರ, ಊರಿನ ಮೈದಾನಗಳಲ್ಲಿ ಕೆಲವು ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ನಲವತ್ತು, ಐವತ್ತರ ವಯಸ್ಸು. ಕಾಲಲ್ಲಿ ಹೊಸ ಬೂಟು, ಮುಖದಲ್ಲಿ ದೃಢನಿರ್ಧಾರ. ಬಂದವರೇ ಓಡತೊಡಗುತ್ತಾರೆ. ಅರ್ಧ ಸುತ್ತಿಗೆ ಏದುಸಿರು, ಒಂದು ಸುತ್ತಿಗೆ ಸೊಂಟದ ಮೇಲೆ ಕೈ, ಮೂರನೆಯ ದಿನಕ್ಕೆ ಕುಂಟುನಡಿಗೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಮುಖಗಳಲ್ಲಿ ಬಹಳಷ್ಟು ಮರೆಯಾಗಿರುತ್ತವೆ. ಮನೆಯವರು "ಮನಸ್ಸು ಗಟ್ಟಿ ಇಲ್ಲ" ಎನ್ನುತ್ತಾರೆ. ಓಡಲು ಹೋಗಿದ್ದವರೂ ಹಾಗೆಂದೇ ನಂಬಿ, ಓಟವೆಂಬುದು ತಮ್ಮ ಪಾಲಿನದಲ್ಲವೆಂದು ತೀರ್ಮಾನಿಸಿ, ಬೂಟನ್ನು ಮಂಚದ ಕೆಳಗೆ ಸರಿಸುತ್ತಾರೆ.

ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಹೊಸಬರು ಓಟವನ್ನು ಬಿಡುವುದಕ್ಕೆ ಮನಸ್ಸಿನ ದೌರ್ಬಲ್ಯ ಕಾರಣವಾಗುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಮನಸ್ಸು ಗಟ್ಟಿಯಾಗಿಯೇ ಇರುತ್ತದೆ. ಕಾಲಿಗೆ ಅದು ಅವಕಾಶವನ್ನೇ ಕೊಡುವುದಿಲ್ಲ, ಅಷ್ಟೆ. ಜೋರಾಗಿ ಓಡಿದರೆ ಮಾತ್ರ ಓಟ, ನಡುವೆ ನಡೆದರೆ ಸೋಲು ಎಂಬ ತಪ್ಪು ಕಲ್ಪನೆಯೇ ಇದರ ಮೂಲ. ಈ ಕಲ್ಪನೆಯಿಂದ ನಾವೂ ಪೆಟ್ಟು ತಿಂದವರಾದ್ದರಿಂದ, ಆ ಅನುಭವವನ್ನು ಸದ್ಭಕ್ತ ಬಂಧುಗಳ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ನಾಲ್ಕು ವರ್ಷಗಳ ಹಿಂದೆ, ನಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.3 ಎಂದು ಬಂದಿತು. 5.7ಕ್ಕಿಂತ ಕೆಳಗಿದ್ದರೆ ಸಹಜ, 6.5 ಮುಟ್ಟಿದರೆ ಮಧುಮೇಹ, ನಡುವಿನದು ಹೊಸ್ತಿಲು. ನಮ್ಮ ತಂದೆಯವರು ಇದೇ ರೋಗದಿಂದ ಒಂದು ಕಾಲಿನ ಮೂರು ಬೆರಳುಗಳನ್ನು ಕಳೆದುಕೊಂಡುದನ್ನು ಕಣ್ಣಾರೆ ಕಂಡವರು ನಾವು. ವೈದ್ಯರು ಊಟದ ಬಗ್ಗೆ ಹೇಳಿದರು, ವ್ಯಾಯಾಮದ ಬಗ್ಗೆ ಹೇಳಿದರು, ಎದೆಯ ಪರೀಕ್ಷೆಯನ್ನೂ ಮಾಡಿಸಿದರು. ಭಯ ಎಂಥದಿತ್ತೆಂದರೆ ಮರುದಿನ ಐದು ಗಂಟೆಗೇ ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಲ್ಲಿದ್ದೆವು. ಹೈಸ್ಕೂಲು ಬಿಟ್ಟ ಮೇಲೆ ಬಸ್ಸು ಹಿಡಿಯಲಲ್ಲದೆ ಮತ್ತಾವುದಕ್ಕೂ ಓಡಿದವರಲ್ಲ. ಆದರೂ ಅಂದು ನಿಲ್ಲದೆ ಓಡಿದೆವು. ಎರಡನೆಯ ದಿನವೂ ಓಡಿದೆವು. ಮೊದಲ ವಾರದಲ್ಲಿ ಒಂದು ದಿನವನ್ನೂ ತಪ್ಪಿಸಲಿಲ್ಲ. ಎರಡನೆಯ ವಾರದಲ್ಲಿ ಉಸಿರು ಸ್ವಲ್ಪ ಹಿಡಿತಕ್ಕೆ ಬಂದಿತು. ಹಿಗ್ಗಿ, ಸುತ್ತುಗಳನ್ನು ಎರಡರಷ್ಟು ಮಾಡಿದೆವು. ಮೂರನೆಯ ವಾರದ ಮಧ್ಯದಲ್ಲಿ ಎಡಗಾಲಿನ ಕಣಕಾಲ ಎಲುಬಿನ ಒಳಬದಿಯುದ್ದಕ್ಕೂ ನೋವು ಕಾಣಿಸಿತು. ಬೆರಳಿನಿಂದ ಒತ್ತಿದರೆ ಕಣ್ಣಲ್ಲಿ ನೀರು ಬರುವಂತಿತ್ತು. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಹಲ್ಲು ಕಚ್ಚಿ ಇನ್ನೂ ನಾಲ್ಕು ದಿನ ಓಡಿದೆವು. ಐದನೆಯ ದಿನ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟವಾಯಿತು. ಒಂಬತ್ತು ವಾರ ಓಟವಿಲ್ಲ. ನೋವಿನ ನೆಪದಲ್ಲಿ ನಡಿಗೆಯೂ ಇಲ್ಲ. ಈ ಅವಧಿಯಲ್ಲಿ ತೂಕ ಎರಡು ಕಿಲೋ ಏರಿತು.

ಏನು ನಡೆಯಿತೆಂಬುದು ನಮಗೆ ಅರ್ಥವಾದದ್ದು ಆಮೇಲೆ. ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಹೊಸ ಕೆಲಸಕ್ಕೆ ಒಗ್ಗುವುದಿಲ್ಲ. ವ್ಯಾಯಾಮ ಆರಂಭಿಸಿದ ಒಂದೆರಡು ವಾರಗಳಲ್ಲಿಯೇ ರಕ್ತದ ದ್ರವಭಾಗ ಹೆಚ್ಚುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳಬಲ್ಲುದಾಗುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಮಾಂಸಖಂಡಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ಹೆಚ್ಚತೊಡಗುತ್ತವೆ. ಆದ್ದರಿಂದ ಉಸಿರು ಬೇಗ ಸುಧಾರಿಸುತ್ತದೆ. ಆದರೆ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೂ ಎಲುಬಿಗೂ ಈ ಅವಸರವಿಲ್ಲ. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಅನಂತರ ಹೊಸದನ್ನು ಕಟ್ಟುತ್ತದೆ. ಕರಗಿಸಲು ಕೆಲವು ವಾರಗಳು ಸಾಕು. ಕಟ್ಟಿ ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ಈ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತ ತುಸು ದುರ್ಬಲವಾಗಿಯೇ ಇರುತ್ತದೆ. ಸೈನ್ಯಕ್ಕೆ ಹೊಸದಾಗಿ ಸೇರಿದ ಗಟ್ಟಿಮುಟ್ಟಾದ ತರುಣರಲ್ಲಿಯೂ ತರಬೇತಿಯ ಮೊದಲ ತಿಂಗಳುಗಳಲ್ಲಿ ಕಾಲಿನ ಎಲುಬುಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣುವುದು ವೈದ್ಯಲೋಕಕ್ಕೆ ಬಹುಕಾಲದಿಂದ ತಿಳಿದ ಸಂಗತಿ.

ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹ ಕ್ಷಣಕಾಲ ನೆಲ ಬಿಟ್ಟು ಮತ್ತೆ ಇಳಿಯುತ್ತದೆ. ಹೀಗೆ ಇಳಿದಾಗ ಕಾಲಿನ ಮೇಲೆ ಬೀಳುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು. ನಿಮಿಷಕ್ಕೆ 150–160 ಹೆಜ್ಜೆಗಳೆಂದು ಹಿಡಿದರೆ, ಹತ್ತೇ ನಿಮಿಷಗಳ ಓಟದಲ್ಲಿ ಒಂದೊಂದು ಕಾಲೂ 750ರಿಂದ 800 ಬಾರಿ ಆ ಬಲವನ್ನು ಹೊರಬೇಕು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತ ಕಾಲಿಗೆ ಇದು ಸಣ್ಣ ಲೆಕ್ಕವಲ್ಲ. ಎರಡನೆಯ ವಾರದ ಕೊನೆಗೆ ಉಸಿರು "ಇನ್ನೂ ಓಡು" ಎನ್ನುತ್ತದೆ. ಎಲುಬು ಇನ್ನೂ ಸಿದ್ಧವಾಗಿರುವುದಿಲ್ಲ, ಅದಕ್ಕೆ ಹೇಳಲು ಬಾಯಿಯೂ ಇಲ್ಲ. ನಾವು ಸುತ್ತುಗಳನ್ನು ಎರಡರಷ್ಟು ಮಾಡಿದ್ದು ಸರಿಯಾಗಿ ಆ ಹೊತ್ತಿನಲ್ಲಿ.

ನಮ್ಮ ಓದುಗರಿಗೆ ಇದು ಅಪರಿಚಿತ ವಿಷಯವೇನೂ ಅಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಗುಂಪಿನಲ್ಲಿ ಮೊದಲ ಬಾರಿಗೆ ಬಂದ ತರುಣರು ಮೊದಲ ದಿನ ಎಲ್ಲರಿಗಿಂತ ಮುಂದೆ ಇರುತ್ತಾರೆ. ಹತ್ತಾರು ಬಾರಿ ಹೋಗಿ ಬಂದ ಹಿರಿಯರು ಹಿಂದೆ ಉಳಿದು, ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ಮೂರನೆಯ ದಿನ ಬೊಬ್ಬೆಗಳಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ದಾರಿಬದಿಯಲ್ಲಿ ಕುಳಿತಿರುವವರು ಯಾರೆಂಬುದನ್ನು ಬಲ್ಲವರೇ ಬಲ್ಲರು. ರೈತನೂ ಹೊಸ ಹೋರಿಯನ್ನು ಮೊದಲ ದಿನವೇ ತುಂಬಿದ ಚಕ್ಕಡಿಗೆ ಹೂಡುವುದಿಲ್ಲ. ಹೋರಿಗೆ ತೋರುವ ಈ ತಾಳ್ಮೆಯನ್ನು ನಮ್ಮ ಕಾಲಿಗೆ ನಾವು ತೋರಿಸಲಿಲ್ಲ.

ನೋವು ಸಂಪೂರ್ಣವಾಗಿ ಹೋದ ಮೇಲೆ ಮತ್ತೆ ಮೈದಾನಕ್ಕೆ ಹೋದಾಗ ನಮಗೆ ದಾರಿ ತೋರಿದವನು ವೈದ್ಯನೂ ಅಲ್ಲ, ತರಬೇತುದಾರನೂ ಅಲ್ಲ. ಸೈನ್ಯದ ಭರ್ತಿಗಾಗಿ ತಯಾರಿ ನಡೆಸಿದ್ದ, ಪಕ್ಕದ ಹಳ್ಳಿಯ ಹತ್ತೊಂಬತ್ತರ ಹುಡುಗ. ನಮ್ಮ ಏದುಸಿರನ್ನು ಎರಡು ದಿನ ನೋಡಿದವನು ಮೂರನೆಯ ದಿನ ಪಕ್ಕಕ್ಕೆ ಬಂದು, "ಕಾಕಾರ, ಎಲ್ಲಿಗೆ ಅವಸರ? ಮಾತಾಡ್ಕೋತ ಓಡಾಕ ಬರೂವಷ್ಟ ಓಡ್ರಿ. ನಾವೂ ವಾರದಾಗ ನಾಕ ದಿನಾ ಹಂಗ ಓಡ್ತೇವ್ರಿ" ಎಂದನು. ನಮಗೆ ಆಶ್ಚರ್ಯವಾಯಿತು. ಭರ್ತಿಯ ಹುಡುಗರು ಗಾಳಿಯಂತೆ ಓಡುವುದನ್ನು ಮಾತ್ರ ನಾವು ಗಮನಿಸಿದ್ದೆವು. ಅವರು 1.6 ಕಿಲೋಮೀಟರನ್ನು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕಾದವರು. ಹಾಗಿದ್ದೂ ವಾರದ ಹೆಚ್ಚಿನ ದಿನ ಹರಟುತ್ತ ಓಡುತ್ತಾರೆಂಬುದು ಕಣ್ಣಿಗೆ ಬಿದ್ದಿರಲಿಲ್ಲ.

ಆ ಹುಡುಗನ ಮಾತಿಗೆ ಒಂದು ಇತಿಹಾಸವಿದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ಗುರುಗಳು 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಪೀಟರ್ ಸ್ನೆಲ್ ಮತ್ತು ಮರ್ರಿ ಹಾಲ್‌ಬರ್ಗ್ ಅವರನ್ನು ತಯಾರು ಮಾಡಿದವರು. ಅದೇ ಲಿಡಿಯಾರ್ಡ್ ಅವರ ಪ್ರೇರಣೆಯಿಂದ ಆಕ್ಲೆಂಡ್ ನಗರದಲ್ಲಿ 1962ರ ಸುಮಾರಿಗೆ ಸಾಮಾನ್ಯ ಗೃಹಸ್ಥರ ಒಂದು ಓಟದ ಕೂಟ ಹುಟ್ಟಿಕೊಂಡಿತು. ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದಲ್ಲಿ ಓಟಗಾರರ ತರಬೇತುದಾರರಾಗಿದ್ದ ಬಿಲ್ ಬೋವರ್‌ಮನ್ ಅಲ್ಲಿಗೆ ಭೇಟಿ ಕೊಟ್ಟಾಗ ಅವರಿಗೆ ಐವತ್ತು ದಾಟಿತ್ತು. ತಾವು ಗಟ್ಟಿಯಾಗಿದ್ದೇವೆಂದೇ ಅವರ ನಂಬಿಕೆ. ಆ ಕೂಟದೊಡನೆ ಗುಡ್ಡ ಹತ್ತಲು ಹೋಗಿ ಹಿಂದೆ ಬಿದ್ದರು. ಅವರಿಗೆ ಜೊತೆಯಾಗಿ, ಮಾತನಾಡಿಸುತ್ತ, ನಿಧಾನವಾಗಿ ಕರೆದುಕೊಂಡು ಬಂದವರು ಎಪ್ಪತ್ತು ದಾಟಿದ, ಹಿಂದೆ ಹೃದಯಾಘಾತಗಳನ್ನು ಕಂಡಿದ್ದ ಒಬ್ಬ ವೃದ್ಧರು. ಬೋವರ್‌ಮನ್ ಊರಿಗೆ ಮರಳಿ ಸಾಮಾನ್ಯ ಜನರಿಗೆ ಈ ನಿಧಾನದ ಓಟವನ್ನು ಕಲಿಸಿದರು. ವಾಲ್ಡೋ ಹ್ಯಾರಿಸ್ ಎಂಬ ಹೃದ್ರೋಗ ತಜ್ಞರೊಡನೆ ‘ಜಾಗಿಂಗ್’ ಎಂಬ ಪುಸ್ತಕವನ್ನೂ ಬರೆದರು. ಇಂದು ಜಗತ್ತಿನೆಲ್ಲೆಡೆ ಜನ ಬೆಳಗಾಗೆದ್ದು ಜಾಗಿಂಗ್ ಮಾಡುವುದರ ಹಿಂದೆ ಆ ಗುಡ್ಡದ ಪ್ರಸಂಗದ ಪಾಲೂ ಇದೆ.

ಇನ್ನು ಕ್ರಮದ ವಿಚಾರ. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬುವರು, ಐವತ್ತು ದಾಟಿದ್ದ ತಮ್ಮ ತಾಯಿಯಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂಬತ್ತು ವಾರಗಳ ಒಂದು ಪಾಠಕ್ರಮವನ್ನು ರಚಿಸಿದರು. ‘ಕೌಚ್ ಟು 5ಕೆ’ ಎಂದು ಅದರ ಹೆಸರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೂ ಅದನ್ನು ಎತ್ತಿಕೊಂಡಿದೆ. ವಾರಕ್ಕೆ ಮೂರೇ ದಿನ. ಮೊದಲ ವಾರದಲ್ಲಿ ಐದು ನಿಮಿಷ ಚುರುಕಾಗಿ ನಡೆಯುವುದು. ಆಮೇಲೆ 60 ಸೆಕೆಂಡು ಮೆಲ್ಲನೆಯ ಓಟ, 90 ಸೆಕೆಂಡು ನಡಿಗೆ. ಹೀಗೆಯೇ ಒಟ್ಟು ಇಪ್ಪತ್ತು ನಿಮಿಷ. ಇದನ್ನು ಮೊದಲು ಕೇಳಿದಾಗ ನಮಗೆ ನಗು ಬಂದಿತ್ತು. ಒಂದು ನಿಮಿಷದ ಓಟವೂ ಒಂದು ಓಟವೇ ಎಂದುಕೊಂಡಿದ್ದೆವು. ಮಾಡಿ ನೋಡಿದಾಗ ಎಂಟನೆಯ ನಿಮಿಷ ಬರುವಷ್ಟರಲ್ಲಿ ನಗು ಮಾಯವಾಯಿತು. ಆದರೆ ಮರುದಿನ ಕಣಕಾಲು ನೋಯಲಿಲ್ಲ.

ಈ ಕ್ರಮದ ಬಗ್ಗೆ ನಮ್ಮದೊಂದು ಆಕ್ಷೇಪವೂ ಇದೆ. ಐದನೆಯ ವಾರದ ಎರಡನೆಯ ದಿನ ಎಂಟೆಂಟು ನಿಮಿಷದ ಎರಡು ಓಟಗಳು, ನಡುವೆ ಐದು ನಿಮಿಷದ ನಡಿಗೆ. ಮೂರನೆಯ ದಿನ ಒಮ್ಮೆಲೇ ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ತರುಣರಿಗೆ ಇದು ಆದೀತು. ಐವತ್ತು ದಾಟಿದ, ತೂಕ ಹೆಚ್ಚಿರುವ, ದಶಕಗಳಿಂದ ವ್ಯಾಯಾಮವಿಲ್ಲದ ನಮ್ಮಂಥವರಿಗೆ ಈ ಜಿಗಿತ ದೊಡ್ಡದು. ನಾವು ಪ್ರತಿಯೊಂದು ವಾರದ ಪಾಠವನ್ನು ಎರಡು ವಾರ ಮಾಡಿದೆವು; ಐದನೆಯದನ್ನು ನಾಲ್ಕು ವಾರ. ಒಟ್ಟು ಐದು ತಿಂಗಳು ಹಿಡಿಯಿತು. ಅರ್ಧ ಗಂಟೆ ನಿಲ್ಲದೆ ಓಡಿದ ದಿನ ಜುಲೈ ತಿಂಗಳು, ಧಾರವಾಡದ ಜಿಟಿಜಿಟಿ ಮಳೆ, ಬೂಟಿನ ತುಂಬ ಕೆಮ್ಮಣ್ಣು. ನಮ್ಮನ್ನು ದಾಟಿ ಹೋದ ಇಬ್ಬರು ಬಿರುನಡಿಗೆಯ ಹಿರಿಯರು ನಾವು ಓಡುತ್ತಿದ್ದೇವೆಂಬುದನ್ನು ಗುರುತಿಸಲಿಲ್ಲವೆಂದೇ ತೋರುತ್ತದೆ.

ನಾಚಿಕೆಯ ಪ್ರಶ್ನೆ ಬರುವುದು ಇಲ್ಲಿಯೇ. ನಿಧಾನವಾಗಿ ಓಡಲು ನಮ್ಮವರಿಗೆ ಸಂಕೋಚ. ಯಾರಾದರೂ ನೋಡಿದರೆ ವೇಗ ತಾನಾಗಿಯೇ ಹೆಚ್ಚುತ್ತದೆ. ಪರಿಚಿತರು ಎದುರಾದರಂತೂ ಎದೆ ಮುಂದಕ್ಕೆ ಬರುತ್ತದೆ. ಪತ್ರಿಕೆಗಳಲ್ಲಿ ಬರುವ ಸಾಹಸಗಳ ಸುದ್ದಿಯೂ ಈ ಸಂಕೋಚಕ್ಕೆ ನೀರೆರೆಯುತ್ತದೆ. ಪಂಜಾಬಿನ ಫೌಜಾ ಸಿಂಗ್ ಅವರು ತಮ್ಮ 89ನೆಯ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. ಅವರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಅವರ ಹೆಸರು ಹೇಳಿ ಹೊಸಬರನ್ನು ಹುರಿದುಂಬಿಸುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಕೇಳಿದವನು ಅವರ ವಯಸ್ಸಿಗೂ ತನ್ನ ವಯಸ್ಸಿಗೂ ಇರುವ ಅಂತರವನ್ನು ಲೆಕ್ಕ ಹಾಕಿ, ಮರುದಿನವೇ ಮೊಣಕಾಲು ಕೆಡಿಸಿಕೊಳ್ಳುತ್ತಾನೆ. ಸಂತರ್ಪಣೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಯನ್ನು ನೋಡಿ ಬಡಿಸಿಕೊಳ್ಳುವುದು ಹೇಗೋ ಇದೂ ಹಾಗೆಯೇ.

ವೇಗವನ್ನು ಅಳೆಯುವುದಕ್ಕೆ ಗಡಿಯಾರ ಬೇಡ. ಓಡುತ್ತಲೇ ಒಂದು ಪೂರ್ಣ ವಾಕ್ಯವನ್ನು ನಡುವೆ ಉಸಿರುಗಟ್ಟದೆ ಹೇಳಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೆ ಉಸಿರು ತುಂಡಾದರೆ ಹೆಚ್ಚಾಗಿದೆ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಮಾತ್ರೆ ಸೇವಿಸುವವರಿಗೆ ಈ ಮಾತು ಇನ್ನಷ್ಟು ಮುಖ್ಯ. ಆ ಮಾತ್ರೆಗಳು ಹೃದಯದ ಬಡಿತವನ್ನು ತಗ್ಗಿಸುವುದರಿಂದ ಕೈಗಡಿಯಾರ ತೋರಿಸುವ ಬಡಿತದ ಸಂಖ್ಯೆ ಅವರನ್ನು ದಾರಿ ತಪ್ಪಿಸಬಹುದು. ಹೆಜ್ಜೆ ಚಿಕ್ಕದಾಗಿರಲಿ, ಪಾದ ದೇಹಕ್ಕಿಂತ ಬಹಳ ಮುಂದೆ ಹೋಗಿ ನೆಲಕ್ಕೆ ಅಪ್ಪಳಿಸದಿರಲಿ. ಓಟ ಮುಗಿದೊಡನೆ ಗಕ್ಕನೆ ನಿಲ್ಲದೆ ಐದು ನಿಮಿಷ ನಡೆಯಬೇಕು. ಓಟವಿಲ್ಲದ ದಿನ ಮನೆಯ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಗೋಡೆಯನ್ನು ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಇವೆರಡು ಸಾಕು. ಮೀನಖಂಡಕ್ಕೂ ತೊಡೆಗೂ ಬಲ ಬರುತ್ತದೆ. ಬೂಟಿನ ಬೆಲೆಗೂ ಕಾಲಿನ ಸುಖಕ್ಕೂ ನೇರ ಸಂಬಂಧವಿಲ್ಲ. ಸಂಜೆಯ ವೇಳೆ, ಪಾದ ತುಸು ಊದಿರುವಾಗ ಹೋಗಿ, ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗವಿರುವುದನ್ನು ಆರಿಸಿಕೊಂಡರೆ ಆಯಿತು. ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಮುಗಿಸಬೇಕೆಂಬುದನ್ನು ಕಲಬುರಗಿ, ರಾಯಚೂರು ಕಡೆಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ.

"ಓಡಿದರೆ ಮೊಣಕಾಲು ಸವೆಯುವುದಿಲ್ಲವೆ?" ಇದು ನಮ್ಮನ್ನು ಅತಿ ಹೆಚ್ಚು ಮಂದಿ ಕೇಳಿದ ಪ್ರಶ್ನೆ. ಕೀಲಿನ ಮೃದ್ವಸ್ಥಿ ಬಂಡಿಯ ಕೀಲಿನಂತೆ ಬರಿದೆ ಸವೆಯುವ ವಸ್ತುವಲ್ಲ. ಅದು ಜೀವಂತ, ಹದವಾದ ಭಾರಕ್ಕೆ ಒಗ್ಗಿಕೊಳ್ಳುವಂಥದು. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಅಥವಾ ಮೊಣಕಾಲಿನ ಸಂಧಿವಾತ ಶೇಕಡ 3.5ರಷ್ಟು, ಓಡದೆ ಕುಳಿತಿರುವವರಲ್ಲಿ ಶೇಕಡ 10.2ರಷ್ಟು, ಸ್ಪರ್ಧೆಗಾಗಿ ಕಠಿಣವಾಗಿ ಓಡುವವರಲ್ಲಿ ಶೇಕಡ 13.3ರಷ್ಟು ಕಂಡುಬಂದಿತು. ಮೊಣಕಾಲು ನೋಯುವವರು ಓಡುವುದನ್ನೇ ಬಿಟ್ಟಿರಬಹುದು, ಆದ್ದರಿಂದ ಮೊದಲನೆಯ ಸಂಖ್ಯೆ ಕಡಿಮೆಯಾಗಿರಬಹುದು ಎಂದು ಯಾರಾದರೂ ವಾದಿಸಿದರೆ ಆ ವಾದದಲ್ಲಿಯೂ ಹುರುಳಿದೆ. ಹಾಗಿದ್ದರೂ ಹದವಾದ ಓಟ ಆರೋಗ್ಯವಂತ ಮೊಣಕಾಲನ್ನು ಹಾಳುಮಾಡುತ್ತದೆಂಬ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ. ಈಗಾಗಲೇ ಸಂಧಿವಾತವಿದ್ದು ಕೀಲು ಊದುವವರ ಮಾತು ಬೇರೆ. ಅವರು ವೈದ್ಯರನ್ನು ಕೇಳಬೇಕು. ನಡಿಗೆ, ಸೈಕಲ್, ಈಜು ಅವರಿಗೆ ಒಳ್ಳೆಯದಾಗಬಹುದು.

ತಾಯಂದಿರ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಮೈದಾನದಲ್ಲಿ ನಡೆಯುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಐವತ್ತರ ಆಸುಪಾಸಿನಲ್ಲಿ ಓಡುವವರು ಬೆರಳೆಣಿಕೆಯಷ್ಟು. ನಮ್ಮ ಮನೆಯವರು ಓಡಲು ಬಯಸಿದಾಗ ಹಿರಿಯ ಬಂಧುಗಳೊಬ್ಬರು, "ಈ ವಯಸ್ಸಿನಾಗ ಹೆಣ್ಣಮಕ್ಕಳು ಓಡಿದ್ರ ನೋಡಿದವರು ಏನಂದಾರು?" ಎಂದರು. ಇದು ನಮ್ಮ ಊರಿನ ಮಾತು ಮಾತ್ರವಲ್ಲ. 1928ರ ಒಲಿಂಪಿಕ್ಸಿನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆದ ಮೇಲೆ, ಅದು ಹೆಣ್ಣಿನ ಶರೀರಕ್ಕೆ ಆಗದೆಂದು ಹೇಳಿ 1960ರವರೆಗೆ ಮತ್ತೆ ನಡೆಸಲಿಲ್ಲ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ದೊಡ್ಡ ದೊಡ್ಡ ದೇಶಗಳ ತಿಳಿದವರೇ ಇಷ್ಟು ಕಾಲ ತಪ್ಪು ತಿಳಿದಿದ್ದಾಗ ನಮ್ಮ ಹಿರಿಯರನ್ನು ದೂರಿ ಫಲವಿಲ್ಲ. ಆದರೆ ಆ ಮಾತನ್ನು ಪಾಲಿಸಬೇಕಾದ ಅಗತ್ಯವೂ ಇಲ್ಲ.

ಹೆಂಗಸರು ಗಮನಿಸಬೇಕಾದ ನಿಜವಾದ ತೊಡಕು ಬೇರೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ರಕ್ತ ಕಡಿಮೆಯಿದ್ದಾಗ ಓಡಿದರೆ ಒಂದೇ ನಿಮಿಷಕ್ಕೆ ಎದೆ ಡವಗುಟ್ಟುತ್ತದೆ, ತಲೆ ಸುತ್ತುತ್ತದೆ. ಆಕೆ ಅದನ್ನು ತನ್ನ ಅಶಕ್ತಿಯೆಂದು ತಿಳಿದು ಮನೆಗೆ ಮರಳುತ್ತಾಳೆ. ನಮ್ಮ ಮನೆಯವರ ಹಿಮೋಗ್ಲೋಬಿನ್ 9.2 ಇತ್ತು. ಮೂರು ತಿಂಗಳು ವೈದ್ಯರು ಹೇಳಿದಂತೆ ಕಬ್ಬಿಣದ ಮಾತ್ರೆ ಸೇವಿಸಿ, ಆ ಅವಧಿಯಲ್ಲಿ ನಡಿಗೆ ಮಾತ್ರ ಮಾಡಿ, ಆಮೇಲೆ ಓಟ ಆರಂಭಿಸಿದರು. ಚೂಡಿದಾರ, ಮಗಳ ಹಳೆಯ ಬೂಟು, ಜೊತೆಗೆ ಓಣಿಯ ಗೆಳತಿಯೊಬ್ಬರು. ಇಬ್ಬರಾದರೆ ನಸುಕಿನ ನಾಯಿಗಳ ಭಯವೂ ಕಡಿಮೆ, ಮಾತಿಗೂ ಬರವಿಲ್ಲ. ಆದ್ದರಿಂದ ವೇಗ ಎಂದೂ ಮಿತಿ ಮೀರಲಿಲ್ಲ. ಮೂರು ವರ್ಷಗಳಲ್ಲಿ ಅವರಿಗೆ ಒಮ್ಮೆಯೂ ಕಾಲು ನೋವು ಬಂದಿಲ್ಲ. ನಮಗೆ ಇನ್ನೂ ಎರಡು ಬಾರಿ ಬಂದಿದೆ, ಎರಡು ಬಾರಿಯೂ ನಮ್ಮದೇ ದುಡುಕಿನಿಂದ. ಆದರೆ ಬೆಳಗಿನ ಚಹಾ, ಉಪ್ಪಿಟ್ಟಿನ ಹೊಣೆಯನ್ನು ವಾರಕ್ಕೆ ಮೂರು ದಿನ ಬೇರೊಬ್ಬರು ಹೊರದಿದ್ದರೆ ಯಾವ ತಾಯಿಯೂ ಮೈದಾನಕ್ಕೆ ಬರಲಾರಳು. ಇದು ಮನೆಯ ಗಂಡಸರಿಗೆ ಹೇಳುವ ಮಾತು. ಉಪ್ಪಿಟ್ಟು ಕಲಿಯಲು ನಮಗೆ ಎರಡು ವಾರ ಸಾಕಾಯಿತು. ಗಂಟುಗಳಿಲ್ಲದ ಉಪ್ಪಿಟ್ಟಿಗೆ ಇನ್ನೂ ಕೆಲವು ವಾರ.

ಈಗ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದ ಪ್ರಸಂಗ. ನಮ್ಮನ್ನು ನೋಡಿ ಓಟಕ್ಕೆ ಬಂದ ಆತ್ಮೀಯರೊಬ್ಬರು ಬ್ಯಾಂಕಿನಿಂದ ನಿವೃತ್ತಿಯ ಸಮೀಪದಲ್ಲಿದ್ದವರು. ರಕ್ತದೊತ್ತಡವಿತ್ತು, ಹಿಂದೊಮ್ಮೆ ಧೂಮಪಾನದ ಅಭ್ಯಾಸವೂ ಇತ್ತು. ವೈದ್ಯರ ಸಲಹೆಯಿಲ್ಲದೆ ಆರಂಭಿಸಿದರು, ನಾವೂ ಕೇಳಲಿಲ್ಲ. ಮೂರನೆಯ ವಾರ, ಮೈದಾನದ ಏರಿನ ಕಡೆ ಓಡುವಾಗ ಎದೆಯ ನಡುವೆ ಏನೋ ಬಿಗಿದಂತಾಗುತ್ತದೆ, ನಿಂತರೆ ಎರಡು ನಿಮಿಷಕ್ಕೆ ಹೋಗುತ್ತದೆ ಎಂದರು. ಹಿಂದಿನ ರಾತ್ರಿ ಮಿರ್ಚಿ ಭಜಿ ತಿಂದಿದ್ದರು. "ಗ್ಯಾಸ್ ಇರಬೇಕು" ಎಂದವರು ನಾವೇ. ಹನ್ನೆರಡು ದಿನ ಅವರು ಅದೇ ಬಿಗಿತದೊಡನೆ ಓಡಿದರು, ನಾವು ಪಕ್ಕದಲ್ಲಿ ಓಡಿದೆವು. ಹದಿಮೂರನೆಯ ದಿನ ಮನೆಯ ಮೆಟ್ಟಿಲು ಹತ್ತುವಾಗಲೂ ಹಾಗಾದುದನ್ನು ಕಂಡ ಅವರ ಸೊಸೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ದಳು. ಎರಡು ರಕ್ತನಾಳಗಳು ಬಹುಪಾಲು ಮುಚ್ಚಿದ್ದವು. ಎರಡು ಸ್ಟೆಂಟ್ ಹಾಕಿದರು. ಆ ಹನ್ನೆರಡು ದಿನಗಳನ್ನು ನೆನೆದಾಗ ಇಂದಿಗೂ ನಮ್ಮ ಮೈ ತಣ್ಣಗಾಗುತ್ತದೆ.

ಶ್ರಮ ಪಟ್ಟಾಗ ಬಂದು ನಿಂತಾಗ ಹೋಗುವ ಎದೆಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ಕಣ್ಣು ಕತ್ತಲಿಡುವುದು, ಶ್ರಮಕ್ಕೆ ಮೀರಿದ ಉಬ್ಬಸ, ಇವುಗಳಲ್ಲಿ ಯಾವುದು ಕಂಡರೂ ಅಂದಿನ ಓಟ ಅಲ್ಲಿಗೇ ಮುಗಿಯಬೇಕು, ಅಂದೇ ವೈದ್ಯರನ್ನು ಕಾಣಬೇಕು. ನಿಂತ ಮೇಲೂ ಎದೆನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ನಲವತ್ತು ದಾಟಿದವರು, ಮಧುಮೇಹ, ರಕ್ತದೊತ್ತಡ, ಹೃದ್ರೋಗ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರು, ತಂಬಾಕಿನ ಅಭ್ಯಾಸವಿದ್ದವರು ಮೊದಲ ಹೆಜ್ಜೆಗೆ ಮುಂಚೆಯೇ ವೈದ್ಯರಿಗೆ ತೋರಿಸಿಕೊಳ್ಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಪಡೆಯುವ ಮಧುಮೇಹಿಗಳಿಗೆ ಓಡುವಾಗ ಸಕ್ಕರೆ ಇಳಿದುಬಿಡುವ ಅಪಾಯವುಂಟು. ದುಡಿಯುವ ಮಾಂಸಖಂಡ ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲುದು. ಓಟದಿಂದ ಬರುವ ಲಾಭವೂ ಅದೇ, ಅಪಾಯವೂ ಅದೇ. ಅಂಥವರು ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡಿರಬೇಕು, ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಮನೆಗೆ ಬಂದ ಮೇಲೆ ಅಂಗಾಲನ್ನು ಕಣ್ಣಿಂದ ನೋಡಿಕೊಳ್ಳಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬೂಟು ಕಚ್ಚಿದ ಗಾಯ ತಿಳಿಯುವುದೇ ಇಲ್ಲ. ನಮ್ಮ ತಂದೆಯವರ ಗಾಯ ಆರಂಭವಾದದ್ದು ಒಂದು ಚಪ್ಪಲಿಯ ಉಂಗುಷ್ಟದಿಂದ.

ಎಷ್ಟು ಓಡಿದರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷ ಹೆಚ್ಚಿನ ಶ್ರಮ ಬೇಕು; ಇವೆರಡನ್ನು ಬೆರೆಸಿಯೂ ಪೂರೈಸಬಹುದು. ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆಯ ನಿಧಾನದ ಓಟ, ಉಳಿದ ದಿನ ನಡಿಗೆ ಇದ್ದರೆ ಈ ಲೆಕ್ಕ ತುಂಬುತ್ತದೆ. ಇದಕ್ಕಿಂತ ಹೆಚ್ಚು ಬೇಕೆನ್ನುವವರು, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೋಗಬೇಕೆನ್ನುವವರು ಹೋಗಲಿ; ಆದರೆ ಮೊದಲ ವರ್ಷವೇ ಬೇಡವೆಂಬುದು ನಮ್ಮ ಅಭಿಪ್ರಾಯ. ಜಾತ್ರೆ, ಮದುವೆ, ಜ್ವರ ಮುಂತಾದವುಗಳಿಂದ ಎರಡು ವಾರ ತಪ್ಪಿದರೆ ಬಿಟ್ಟಲ್ಲಿಂದ ಮುಂದುವರಿಯದೆ ಎರಡು ವಾರ ಹಿಂದಿನ ಪಾಠಕ್ಕೆ ಹೋಗಬೇಕು. ಜ್ವರವಿದ್ದಾಗ ಓಡಲೇಬಾರದು.

ನಮ್ಮ ಸಕ್ಕರೆ ಈಗ 5.8ರ ಸುತ್ತ ಇದೆ. ರಾತ್ರಿಯ ಅನ್ನವನ್ನು ಕಡಿಮೆ ಮಾಡಿದ್ದರ ಪಾಲೂ ಅದರಲ್ಲಿ ಇರುವುದರಿಂದ ಇಡೀ ಕೀರ್ತಿಯನ್ನು ಓಟಕ್ಕೇ ಕೊಡಲಾರೆವು. ಸ್ಟೆಂಟ್ ಹಾಕಿಸಿಕೊಂಡ ಆತ್ಮೀಯರು ಆರು ತಿಂಗಳ ಬಳಿಕ, ವೈದ್ಯರ ಒಪ್ಪಿಗೆಯ ಚೀಟಿಯನ್ನು ನಮಗೆ ತೋರಿಸಿಯೇ, ಮೈದಾನಕ್ಕೆ ಮರಳಿದರು. ಅವರಿಗೆ ಓಟವಿಲ್ಲ, ಚುರುಕು ನಡಿಗೆ ಮಾತ್ರ. ಮಂಗಳವಾರ, ಗುರುವಾರ, ರವಿವಾರ ಬೆಳಗಿನ ಐದೂವರೆಗೆ ನಾವು ಜೊತೆಯಾಗಿಯೇ ಹೊರಡುತ್ತೇವೆ. ಅವರು ನಡೆಯುತ್ತಾರೆ, ನಾವು ಪಕ್ಕದಲ್ಲಿ ಓಡುತ್ತೇವೆ. ಮೂರು ಸುತ್ತಿನವರೆಗೆ ಮಾತು ಎಲ್ಲಿಯೂ ತುಂಡಾಗುವುದಿಲ್ಲ.